ಕುಲಾವಿಗೆ ಮಂಜೂರಾತಿ

ನಮ್ಮ ಮನೆತನದಲ್ಲಿ ಹುಟ್ಟುವ ಯಾವುದೇ ಮಗು ಸಮಿತಿಯ ಪೂರ್ವಾನುಮತಿ ಇಲ್ಲದೆ ಉಡುಗೊರೆ ಪಡೆಯತಕ್ಕದ್ದಲ್ಲ ಎಂಬ ನಿಯಮ ಜಾರಿಗೆ ಬಂದು ಎರಡು ವರ್ಷವಾಯಿತು. ನಿಯಮ ಒಳ್ಳೆಯದೇ. ಅದಕ್ಕೆ ಕಾರಣವಿತ್ತು.

ನಾವು ಒಂದೇ ಮನೆಯವರು ಐದು ದೇಶಗಳಲ್ಲಿದ್ದೇವೆ. ಹಿಂದಿನ ಸಲ ನಮ್ಮಲ್ಲೊಂದು ಮಗು ಹುಟ್ಟಿದಾಗ ಐದು ದೇಶಗಳಿಂದ ಹನ್ನೊಂದು ಸ್ನಾನದ ಟಬ್ಬು ಹೋದವು. ಹನ್ನೊಂದೂ ನೀಲಿ. ಹನ್ನೊಂದಕ್ಕೂ ಬಾತುಕೋಳಿ ಚಿತ್ರ. ಮಗು ಒಂದರಲ್ಲಿ ಸ್ನಾನ ಮಾಡಿತು. ಎರಡರಲ್ಲಿ ಅದರ ಅಮ್ಮ ಕೊತ್ತಂಬರಿ ಬೆಳೆದಳು. ಉಳಿದ ಎಂಟನ್ನು ಒಂದರೊಳಗೊಂದು ಸೇರಿಸಿ ಬಾಗಿಲ ಹಿಂದೆ ನಿಲ್ಲಿಸಿದರು. ಆ ಬಾಗಿಲು ಇವತ್ತಿಗೂ ಪೂರ್ತಿ ತೆರೆಯುವುದಿಲ್ಲ.

ಆಗ ಸಮಿತಿ ಆಯಿತು. ಹೆಸರು ಐದು ದೇಶಗಳ ಮಗು ಉಡುಗೊರೆ ಸಮನ್ವಯ ಸಮಿತಿ. ಕಚೇರಿ ಫೋನಿನೊಳಗಿನ ಒಂದು ಗುಂಪು. ಕಾರ್ಯದರ್ಶಿ ನನ್ನ ಹೆಂಡತಿಯ ಅಕ್ಕ. ಎಲ್ಲರಿಗೂ ದೊಡ್ಡಕ್ಕ. ಮೂವತ್ತೊಂದು ವರ್ಷ ನೋಂದಣಿ ಕಚೇರಿಯಲ್ಲಿದ್ದು ನಿವೃತ್ತಿಯಾದವರು. ನಿವೃತ್ತಿಯಾದ ಮೇಲೆ ಮೂರು ತಿಂಗಳು ಊಟ ಸೇರುತ್ತಿರಲಿಲ್ಲವಂತೆ. ಟಬ್ಬುಗಳು ಬಂದು ಅವರನ್ನು ಬದುಕಿಸಿದವು.

ನಾನು ಬೀಗದ ಕೈ ಮಾಡುವವನು. ಅಂಗಡಿ ಚಿಕ್ಕದು. ನಾನು ಒಳಗೆ ನಿಂತರೆ ಗಿರಾಕಿ ಹೊರಗೆ. ಓದಿದ್ದು ನಾಲ್ಕನೇ ಕ್ಲಾಸು. ಅದಕ್ಕೇ ನಡಾವಳಿ ಎಲ್ಲ ಕನ್ನಡದಲ್ಲೇ ಇರತಕ್ಕದ್ದು ಅಂತ ಎರಡನೇ ನಿಯಮವಿದೆ. ಅದನ್ನು ಹಾಕಿಸಿದ್ದು ನನ್ನ ಹೆಂಡತಿ.

"ಅವರು ನಿಧಾನಕ್ಕೆ ಓದ್ತಾರೆ ಅಕ್ಕ. ಆದರೆ ಓದ್ತಾರೆ," ಅಂದಿದ್ದಳು.

ಸಮಿತಿಯ ಜೀವ ಇರುವುದು ಐದನೇ ನಿಯಮದಲ್ಲಿ. ಪ್ರಸ್ತಾವ ಹಾಕಿದ ಇಪ್ಪತ್ತನಾಲ್ಕು ಗಂಟೆಯೊಳಗೆ ಯಾರು ಆಕ್ಷೇಪ ಬರೆಯುವುದಿಲ್ಲವೋ ಅವರು ಒಪ್ಪಿದ್ದಾರೆಂದು ತಿಳಿಯತಕ್ಕದ್ದು. ಒಬ್ಬರಿಗೆ ತಿಂಡಿ ಹೊತ್ತು, ಇನ್ನೊಬ್ಬರಿಗೆ ಡ್ಯೂಟಿ ಹೊತ್ತು. ಎಲ್ಲರೂ ಒಟ್ಟಿಗೆ ಹೂಂ ಅನ್ನುವುದು ಆಗದ ಮಾತು. ಸುಮ್ಮನಿರುವುದು ಎಲ್ಲರಿಗೂ ಬರುತ್ತದೆ.

ಹೀಗಿರಲಾಗಿ, ಪುಟ್ಟಿ ಬಸುರಿಯಾದಳು. ಪುಟ್ಟಿ ನನ್ನ ಹೆಂಡತಿಯ ತಮ್ಮನ ಮಗಳು. ಚಿಕ್ಕವಳಿದ್ದಾಗ ಮೂರು ವರ್ಷ ನಮ್ಮ ಮನೆಯಲ್ಲೇ ಬೆಳೆದಳು. ಅತ್ತೆಯ ಹೆಬ್ಬೆರಳು ಹಿಡಿದುಕೊಳ್ಳದೆ ಮಲಗುತ್ತಿರಲಿಲ್ಲ. ಈಗ ದೂರದ ದೇಶದಲ್ಲಿದ್ದಾಳೆ.

"ಅತ್ತೆ, ಯಾರು ಏನೇ ಕಳಿಸಲಿ, ಮೊದಲು ತಲೆಗೆ ಹಾಕೋದು ನಿಮ್ಮ ಕುಲಾವಿನೇ," ಅಂದಳು ಫೋನಿನಲ್ಲಿ.

ಹೆಂಡತಿ ಅವತ್ತೇ ಹಳದಿ ಉಣ್ಣೆ ತಂದಳು. ಕಿವಿ ಮುಚ್ಚುವಂತೆ ಹೆಣೆದಳು. ಗಲ್ಲದ ಕೆಳಗೆ ಕಟ್ಟುವುದಕ್ಕೆ ಎರಡು ಕಸೆ ಬೇಕು. ಒಂದು ಮುಗಿಸಿದಳು. ಇನ್ನೊಂದು ಮುಗಿಯುವ ಮೊದಲು ತೀರಿಕೊಂಡಳು.

ಇದು ಸಮಿತಿಗೆ ಒಂದು ತೊಡಕು ತಂದಿತು. ಅವಳ ತಮ್ಮ, ಅಂದರೆ ಪುಟ್ಟಿಯ ಅಪ್ಪ, ಅದನ್ನು ಎತ್ತಿದ. ಅವನು ಒಂದು ದೊಡ್ಡ ಗೋದಾಮಿನ ಮೇಲ್ವಿಚಾರಕ. ನಾವು ಅವನನ್ನು ಗೋದಾಮು ಅಂತಲೇ ಕರೆಯುವುದು.

"ದೊಡ್ಡಕ್ಕ, ಅಕ್ಕನ ನಂಬರು ಇನ್ನೂ ಗುಂಪಿನಲ್ಲಿದೆ. ತೆಗೀಬೇಕಲ್ವಾ?"

"ಹನ್ನೊಂದನೇ ನಿಯಮ ನೋಡು. ಸದಸ್ಯರು ಖುದ್ದು ಬರೆದುಕೊಟ್ಟರೆ ಮಾತ್ರ ಸದಸ್ಯತ್ವ ರದ್ದು. ಅವಳು ಬರೆದುಕೊಟ್ಟಿಲ್ಲ."

"ಅವಳೆಲ್ಲಿಂದ ಬರೆದುಕೊಡ್ತಾಳೆ?"

"ಅದು ಸಮಿತಿಗೆ ಸಂಬಂಧಿಸಿದ್ದಲ್ಲ," ಅಂದರು ದೊಡ್ಡಕ್ಕ. ಮುಂದಿನ ವಿಷಯಕ್ಕೆ ಹೋದರು.

ಹಾಗಾಗಿ ಅವಳು ಸದಸ್ಯೆಯಾಗಿಯೇ ಉಳಿದಳು. ಅವಳ ಫೋನನ್ನು ನಾನು ಅಂಗಡಿಯ ಹಲಗೆ ಮೇಲೆ ಇಟ್ಟಿದ್ದೇನೆ. ಬೆಳಿಗ್ಗೆ ಬಂದ ತಕ್ಷಣ ಚಾರ್ಜಿಗೆ ಹಾಕುತ್ತೇನೆ. ಆರು ತಿಂಗಳಲ್ಲಿ ಹದಿನಾಲ್ಕು ಪ್ರಸ್ತಾವ ಬಂದವು. ಹಾಲಿನ ಬಾಟಲಿ, ಸೊಳ್ಳೆಪರದೆ, ಗಿಲಕಿ. ಯಾವುದಕ್ಕೂ ಅವಳ ಆಕ್ಷೇಪ ಇರಲಿಲ್ಲ. ಅರ್ಧವಾರ್ಷಿಕ ವರದಿಯಲ್ಲಿ ಅವಳನ್ನು ಅತ್ಯಂತ ಸಹಕಾರ ನೀಡಿದ ಸದಸ್ಯೆ ಎಂದು ಹೊಗಳಲಾಯಿತು. ಬದುಕಿದ್ದಾಗ ಅವಳು ಸಹಕಾರ ಕೊಟ್ಟವಳಲ್ಲ. ಪ್ರತಿಯೊಂದಕ್ಕೂ ತಕರಾರು ತೆಗೆಯುತ್ತಿದ್ದಳು.

ಮಗು ಹುಟ್ಟಿತು. ಹೆಣ್ಣು. ತಲೆಯ ಸುತ್ತಳತೆ ಮೂವತ್ತೈದು ಸೆಂಟಿಮೀಟರ್ ಅಂತ ನಡಾವಳಿಯಲ್ಲಿ ಬರೆದರು. ವಾರಕ್ಕೊಮ್ಮೆ ತಲೆ ಅಳೆದು ವರದಿ ಮಾಡತಕ್ಕದ್ದು ಅಂತ ಎಂಟನೇ ನಿಯಮ.

ನಾನು ಎರಡನೇ ಕಸೆ ಮಾಡಲು ಕೂತೆ. ಉಣ್ಣೆ ಬೀಗದ ಹಾಗಲ್ಲ. ಎಲ್ಲಿ ಹಿಡಿದರೂ ಜಾರುತ್ತದೆ. ಹೆಣೆಯಲು ಬರದೆ ಮೂರೆಳೆ ಮಾಡಿ ಜಡೆ ಹಾಕಿದೆ. ನಾಲ್ಕು ದಿನ ಹಿಡಿಯಿತು. ಆಮೇಲೆ ಕುಲಾವಿಯನ್ನು ಒಂದು ಸ್ಟೀಲು ಬಟ್ಟಲಿನ ಮೇಲೆ ಎಳೆದು ಟೇಪಿನಲ್ಲಿ ಅಳೆದೆ. ನಲವತ್ತು ಸೆಂಟಿಮೀಟರ್‌ವರೆಗೆ ಹಿಗ್ಗುತ್ತದೆ. ಅದರ ಮೇಲೆ ಇಲ್ಲ.

ಅಂದರೆ ಐದು ಸೆಂಟಿಮೀಟರ್ ಸಮಯವಿತ್ತು.

ಭಾನುವಾರದ ವಿಡಿಯೋ ಸಭೆಯಲ್ಲಿ ಪ್ರಸ್ತಾವ ಇಟ್ಟೆ.

"ತಲೆ ವಿಭಾಗ ಭರ್ತಿಯಾಗಿದೆ," ಅಂದರು ದೊಡ್ಡಕ್ಕ.

"ಯಾರದು?"

"ನಂದೇ ಭಾವ," ಅಂದ ಗೋದಾಮು. "ಹನ್ನೆರಡು ಟೋಪಿ. ಒಂದು ಪೆಟ್ಟಿಗೇಲಿ ಹನ್ನೆರಡೇ ಬರೋದು."

"ಮಗುಗೆ ಒಂದೇ ತಲೆ ಅಲ್ವೇನೋ?"

"ಅದನ್ನ ಪೆಟ್ಟಿಗೆ ಕಟ್ಟಿದವನಿಗೆ ಹೇಳಿ. ದೊಡ್ಡಕ್ಕ, ನನ್ನದು ಹನ್ನೆರಡನ್ನೂ ವಾಪಸ್ ತಗೋತೀನಿ. ಭಾವನ ಕುಲಾವಿ ಹೋಗಲಿ."

"ವಾಪಸ್ ತಗೊಂಡರೆ ಆ ಜಾಗ ಮುಂದಿನ ಮಗುವಿನವರೆಗೆ ಖಾಲಿ ಇರಬೇಕು. ಅದಲ್ಲದೆ," ದೊಡ್ಡಕ್ಕ ಕನ್ನಡಕ ಏರಿಸಿದರು, "ನಿಮ್ಮ ಪಾಲಿನ ಉಡುಗೊರೆ ಆಗಲೇ ಹೋಗಿದೆ. ಉಗುರು ಕತ್ತರಿ. ಒಬ್ಬರಿಗೆ ಒಂದೇ."

"ಅದು ನನ್ನದು. ಇದು ಅವಳದು," ಅಂದೆ.

ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿತು.

ದೊಡ್ಡಕ್ಕ ಪುಸ್ತಕ ತಿರುವಿದರು. "ಸರಿ. ಅವಳು ಸದಸ್ಯೆ. ಅವಳ ಪಾಲು ಬಳಕೆಯಾಗಿಲ್ಲ. ಆದರೆ ಕೊಡುವವರು ತಾವೇ ಖಚಿತಪಡಿಸಬೇಕು. ನೋಟಿಸು ಕಳಿಸ್ತೀನಿ."

ಪುಟ್ಟಿ ಮಧ್ಯೆ ಬಾಯಿ ಹಾಕಿದಳು. "ಮಾವ, ಸುಮ್ನೆ ಪೋಸ್ಟಿಗೆ ಹಾಕಿಬಿಡಿ. ನಾನು ಯಾರಿಗೂ ಹೇಳಲ್ಲ."

"ನಾನು ಇಲ್ಲೇ ಇದ್ದೀನಿ ಪುಟ್ಟಿ," ಅಂದರು ದೊಡ್ಡಕ್ಕ.

ಹಾಕಬಹುದಿತ್ತು. ಅಂಚೆ ಕಚೇರಿ ನಮ್ಮ ಅಂಗಡಿಯ ಎದುರಿಗೇ ಇದೆ. ಆದರೆ ಅವಳ ಕುಲಾವಿ ಕದ್ದು ಹೋದ ಸಾಮಾನಾಗುವುದು ನನಗೆ ಬೇಡವಾಗಿತ್ತು. ಉಗುರು ಕತ್ತರಿಯ ಮುಂದೆ ನನ್ನ ಹೆಸರಿದೆ. ಟೋಪಿಯ ಮುಂದೆ ಗೋದಾಮಿನ ಹೆಸರಿದೆ. ಕುಲಾವಿಯ ಮುಂದೆ ಅವಳ ಹೆಸರು ಬರಬೇಕಿತ್ತು.

ಮಾರನೆಯ ದಿನ ಹಲಗೆ ಮೇಲಿದ್ದ ಅವಳ ಫೋನು ಟಿಂಗ್ ಅಂದಿತು. ಓದಿದೆ. ಹಳದಿ ಕುಲಾವಿ, ಸಂಖ್ಯೆ ಒಂದು, ತಮ್ಮ ಉಡುಗೊರೆಯೆಂದು ತಿಳಿದುಬಂದಿದೆ. ಅಲ್ಲವಾದಲ್ಲಿ ಇಪ್ಪತ್ತನಾಲ್ಕು ಗಂಟೆಯೊಳಗೆ ತಿಳಿಸತಕ್ಕದ್ದು. ಇಂತಿ, ಕಾರ್ಯದರ್ಶಿ.

ಫೋನನ್ನು ಮುಟ್ಟದೆ ಕೆಲಸ ಮಾಡಿದೆ. ಅವತ್ತು ಒಂಬತ್ತು ಬೀಗದ ಕೈ ಕೊರೆದೆ. ಎರಡು ತಪ್ಪಿದವು. ಇಪ್ಪತ್ತನಾಲ್ಕು ಗಂಟೆ ಆಯಿತು. ಅವಳು ಅಲ್ಲ ಅನ್ನಲಿಲ್ಲ. ಖಚಿತಪಡಿಸಿದ್ದಾರೆ ಎಂದು ದಾಖಲಾಯಿತು.

ಅಷ್ಟರಲ್ಲಿ ತಲೆ ಮೂವತ್ತೇಳಾಗಿತ್ತು.

ಮುಂದಿನದು ತಪಾಸಣೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆದು ಕಳಿಸಿದೆ. ದೊಡ್ಡಕ್ಕ ನನಗೊಬ್ಬನಿಗೇ ಫೋನು ಮಾಡಿದರು.

"ಕಸೆ ಎರಡೂ ಒಂದೇ ತರ ಇಲ್ಲ."

"ಹೌದು."

"ಎಡಗಡೆದು ಅವಳ ಕೈ. ನನಗೆ ಗೊತ್ತಾಗುತ್ತೆ. ನಾನೇ ಕಲಿಸಿದ್ದು. ಬಲಗಡೆ ಜಡೆ ಯಾರದು?"

"ನಂದು."

"ಕೆಟ್ಟದಾಗಿದೆ."

"ಹೌದು ಅಕ್ಕ."

ಆ ಕಡೆಯಿಂದ ಕಾಗದ ಮಡಚುವ ಸದ್ದು ಬಂತು. ಆಮೇಲೆ ಅವರ ಕಚೇರಿ ದನಿ ಬಂತು. ಮೂವತ್ತೊಂದು ವರ್ಷದ ದನಿ.

"ತಲೆ ವಿಭಾಗದಲ್ಲಿ ಜಾಗ ಇಲ್ಲ. ಅದರಲ್ಲಿ ನಾನು ಏನೂ ಮಾಡೋ ಹಾಗಿಲ್ಲ. ಆದರೆ ಅಡುಗೆಮನೆ ವಿಭಾಗದಲ್ಲಿ ಒಂದು ಜಾಗ ಇದೆ. ಬಾಣಂತಿಗೆ ಉಪಯೋಗವಾಗೋ ವಸ್ತು. ಟೀ ಕೆಟಲಿಗೆ ಬಿಸಿ ಆರದ ಹಾಗೆ ಹೊದಿಸ್ತಾರಲ್ಲ, ಗವಸು. ಅದೂ ಉಣ್ಣೇದೇ. ಅದೂ ದುಂಡಗೇ ಇರುತ್ತೆ."

"ಇದು ಕುಲಾವಿ."

"ಅದು ನಿಮಗೆ ಗೊತ್ತು, ನನಗೆ ಗೊತ್ತು. ಫೈಲಿಗೆ ಗೊತ್ತಾಗಬೇಕಾಗಿಲ್ಲ. ಕೆಟಲ್ ಮೇಲೆ ಹಾಕಿ ಒಂದು ಫೋಟೋ ಕಳಿಸಿ."

ಮನೆಗೆ ಹೋಗಿ ಕೆಟಲ್ ಇಳಿಸಿದೆ. ಅವಳು ಹೋದ ಮೇಲೆ ಅದನ್ನು ಒಲೆ ಮೇಲೆ ಇಟ್ಟಿರಲಿಲ್ಲ. ಒಬ್ಬನಿಗೆ ಅಷ್ಟು ಟೀ ಯಾಕೆ? ತೊಳೆದೆ. ಕುಲಾವಿ ಹಾಕಿದೆ. ಕಿವಿ ಎರಡೂ ಎರಡು ಕಡೆ ಸರಿಯಾಗಿ ಕೂತವು. ಕಸೆಯನ್ನು ಮೂತಿಯ ಕೆಳಗೆ ಗಂಟು ಹಾಕಿದೆ. ಚಳಿಗೆ ಹೊರಟ ಮುದುಕಿಯ ಹಾಗೆ ಕಂಡಿತು. ಅವಳಿದ್ದಿದ್ದರೆ ನಗುತ್ತಿದ್ದಳು. ನಾನೇ ನಕ್ಕೆ. ಎಷ್ಟೋ ದಿನವಾಗಿತ್ತು.

ಫೋಟೋ ನೋಡಿ ಗೋದಾಮು ಒಂದು ಅನುಮಾನ ಎತ್ತಿದ. "ಭಾವ, ಬಿಸಿ ಎಷ್ಟು ಹೊತ್ತು ನಿಲ್ಲುತ್ತೆ?"

"ನಲವತ್ತು ನಿಮಿಷ," ಅಂದೆ. ನಿಜವಾಗಿ ಅಳೆದಿದ್ದೆ. ಕೇಳುತ್ತಾರೆ ಅಂತ ಗೊತ್ತಿತ್ತು.

"ಪರವಾಗಿಲ್ವೇ. ಒಳ್ಳೇ ಗವಸು."

ಆಕ್ಷೇಪಕ್ಕೆ ಇಪ್ಪತ್ತನಾಲ್ಕು ಗಂಟೆ. ಮಂಜೂರಾತಿ ಪತ್ರ ಬರೆಯಲು ಹನ್ನೊಂದು ದಿನ, ಏಕೆಂದರೆ ದೊಡ್ಡಕ್ಕ ಕೈಯಲ್ಲಿ ಬರೆದು ಮೊಹರು ಹಾಕಿಯೇ ಕಳಿಸುವುದು. ಮೊಹರನ್ನು ಅವರು ಸ್ವಂತಕ್ಕೆ ಮಾಡಿಸಿಕೊಂಡಿದ್ದಾರೆ. ತಲೆ ಮೂವತ್ತೆಂಟಾಯಿತು. ಪತ್ರ ಬಂದ ದಿನವೇ ಅಂಗಡಿ ಮುಚ್ಚಿ ರಸ್ತೆ ದಾಟಿದೆ. ಅಂಚೆಯವಳು ಒಳಗೇನು ಅಂತ ಕೇಳಿದಳು. ಕೆಟಲ್ ಗವಸು ಅಂದೆ. ಬಾಯಿಗೆ ರೂಢಿಯಾಗಿತ್ತು.

ಒಂಬತ್ತು ದಿನಕ್ಕೆ ತಲುಪುತ್ತದೆ ಅಂದಳು. ಹದಿಮೂರು ಹಿಡಿಯಿತು. ಅಷ್ಟು ದಿನವೂ ಗಿರಾಕಿಗಳು ಮಾತಾಡುವಾಗ ಅವರ ತಲೆ ನೋಡುತ್ತಿದ್ದೆ.

ಹದಿನಾಲ್ಕನೇ ದಿನ ಗುಂಪಿಗೆ ಪುಟ್ಟಿಯ ಫೋಟೋ ಬಂತು. ಮಗು. ತಲೆ ಮೂವತ್ತೊಂಬತ್ತೂವರೆ. ಹಳದಿ ಕುಲಾವಿ ಬಿಗಿಯಾಗಿ ಕೂತಿದೆ. ಕೆನ್ನೆ ಎರಡೂ ಹೊರಗೆ ಉಬ್ಬಿವೆ. ಗಲ್ಲದ ಕೆಳಗೆ ಒಂದು ಒಳ್ಳೆಯ ಕಸೆ, ಒಂದು ಕೆಟ್ಟ ಕಸೆ, ಒಂದೇ ಗಂಟು. ಮಗು ಪುಟ್ಟಿಯ ಹೆಬ್ಬೆರಳು ಹಿಡಿದುಕೊಂಡಿತ್ತು.

ಐದು ನಿಮಿಷದಲ್ಲಿ ದೊಡ್ಡಕ್ಕ ತುರ್ತು ಸಭೆ ಕರೆದರು.

"ಹದಿನಾರನೇ ನಿಯಮದ ಉಲ್ಲಂಘನೆಯಾಗಿದೆ. ಮಂಜೂರಾದ ವಸ್ತುವನ್ನು ಮಂಜೂರಾದ ಉದ್ದೇಶಕ್ಕೇ ಬಳಸತಕ್ಕದ್ದು. ಕೆಟಲ್ ಗವಸನ್ನು ಮಗುವಿನ ತಲೆಗೆ ಹಾಕಲಾಗಿದೆ."

"ದೊಡ್ಡತ್ತೆ, ನನ್ನ ಹತ್ರ ಕೆಟಲ್ ಇಲ್ಲ," ಅಂದಳು ಪುಟ್ಟಿ. "ನಾವು ಟೀ ಕುಡಿಯಲ್ಲ."

"ಹಾಗಾದ್ರೆ ಗವಸು ವಾಪಸ್ ಬರಬೇಕು."

ನಾನು ಮಂಜೂರಾತಿ ಪತ್ರವನ್ನು ಫೋನಿನ ಮುಂದೆ ಹಿಡಿದೆ.

"ಇಲ್ಲವೇ," ದೊಡ್ಡಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಗಾಜು ಸ್ವಚ್ಛವಾಗಿಯೇ ಇತ್ತು. "ಇಲ್ಲವೇ ನಿಮ್ಮ ಮನೆಯಲ್ಲಿ ಕೆಟಲ್ ಇರಬೇಕು. ಬರ್ಕೊಳ್ಳಿ. ಪ್ರಸ್ತಾವ. ಸದರಿ ಮಗುವನ್ನು ಈ ಸಮಿತಿಯ ಉದ್ದೇಶಗಳಿಗೆ ಮಾತ್ರ ಕೆಟಲ್ ಎಂದು ಪರಿಗಣಿಸತಕ್ಕದ್ದು. ಅವಧಿ, ತಲೆಯ ಸುತ್ತಳತೆ ನಲವತ್ತು ಸೆಂಟಿಮೀಟರ್ ಆಗುವವರೆಗೆ."

"ಕೆಟಲಿಗೆ ಹಾಲು ಕುಡಿಸಿದ್ಯೇನೇ ಪುಟ್ಟಿ?" ಅಂದ ಗೋದಾಮು.

"ಈಗಷ್ಟೇ ತೇಗ್ತು ಅಪ್ಪ. ಮಲಗಿಸ್ತಾ ಇದ್ದೀನಿ."

"ಮೆಲ್ಲಗೆ ಮಲಗಿಸು. ಚೆಲ್ಲೀತು."

ಯಾರೂ ಇದರಲ್ಲಿ ವಿಶೇಷ ಕಾಣಲಿಲ್ಲ. ಮುಂದಿನ ವಾರದಿಂದ ತಲೆ ವರದಿಯನ್ನು ಅಡುಗೆಮನೆ ವಿಭಾಗದಲ್ಲಿ ಸಲ್ಲಿಸುವುದೆಂದು ತೀರ್ಮಾನವಾಯಿತು.

ಹಲಗೆ ಮೇಲೆ ಅವಳ ಫೋನು ಟಿಂಗ್ ಅಂದಿತು.

ಇಪ್ಪತ್ತನಾಲ್ಕು ಗಂಟೆ ಮುಗಿದ ಮಾರನೆಯ ಬೆಳಿಗ್ಗೆ ಅಂಗಡಿ ತೆರೆದೆ. ಅವಳ ಫೋನನ್ನು ಚಾರ್ಜಿಗೆ ಹಾಕಿದೆ. ನಡಾವಳಿ ಬಂದಿತ್ತು. ನಿಧಾನಕ್ಕೆ ಓದಿದೆ. ಕೆಟಲ್ ಒಂದು, ಲಿಂಗ ಹೆಣ್ಣು, ಆರೋಗ್ಯ ಉತ್ತಮ. ಗವಸು ಒಂದು, ಬಣ್ಣ ಹಳದಿ. ಕೊಟ್ಟವರು ಅಂತ ಇರುವ ಕಡೆ ಅವಳ ಹೆಸರು. ಆಕ್ಷೇಪ ಇಲ್ಲದವರು ಅಂತ ಇರುವ ಕಡೆ ಮೂರನೆಯದು ಅವಳ ಹೆಸರು. ಕೆಳಗೆ ಸರ್ವಾನುಮತ ಎಂದು ಬರೆದು ಮೊಹರು ಒತ್ತಿದ್ದರು.

ಇನ್ನೊಂದು ಸಲ ಓದಿದೆ. ಅಷ್ಟರಲ್ಲಿ ಗಿರಾಕಿ ಬಂದು ಒಂದು ಬೀಗಕ್ಕೆ ಎರಡು ಕೈ ಬೇಕು ಅಂದ.