ಹುಂಜನ ಬಿಡುಗಡೆ

ಮನುಷ್ಯನಾಗಿ ಹುಟ್ಟಿದವನು ಬೆಳಿಗ್ಗೆ ಎಷ್ಟು ಗಂಟೆಗೆ ಏಳಬೇಕು ಎಂಬುದು ರಾಜ್ಯಗಳ ಏಳುಬೀಳಿಗಿಂತ ದೊಡ್ಡ ವಿಷಯ. ರಾಜ್ಯ ಬಿದ್ದರೆ ಇನ್ನೊಂದು ಎದ್ದೀತು. ಮುಂಜಾವಿನ ನಿದ್ದೆ ಕೆಟ್ಟರೆ ಮತ್ತೆ ಬಾರದು. ದಂಡಿನ ಕಹಳೆಯವನು ಒಂಬತ್ತು ವರ್ಷ ಯೋಚಿಸಿ ಈ ತೀರ್ಮಾನಕ್ಕೆ ಬಂದಿದ್ದ.

ದಿನವೂ ನಾಲ್ಕೂವರೆಗೆ ಎದ್ದು, ಆರುನೂರು ಜನರನ್ನು ಎಬ್ಬಿಸಿ, ಆರುನೂರು ಜನರ ಬೈಗುಳ ತಿನ್ನುವುದು ಅವನ ಕೆಲಸ. ಹಾಗಾಗಿ ದಂಡಿನವರೆಲ್ಲ ಅವನಿಗೆ ಹುಂಜ ಎಂದೇ ಹೆಸರಿಟ್ಟಿದ್ದರು. "ಹುಂಜಕ್ಕಾದ್ರೂ ಕೂಗಿದ್ಮೇಲೆ ಕಾಳು ಹಾಕ್ತಾರೆ. ನನಗೆ ಬೂಟು ಎಸೀತಾರೆ" ಎಂದು ಅವನು ಕಂಡವರ ಮುಂದೆಲ್ಲ ಅಲವತ್ತುಕೊಳ್ಳುತ್ತಿದ್ದ.

ಕರಾರು ಮುಗಿಯಲು ಇನ್ನೂ ಮೂರು ವರ್ಷವಿತ್ತು. ಆದರೆ ಹಣ ಕಟ್ಟಿದರೆ ಮೊದಲೇ ಬಿಡುಗಡೆ ಪಡೆಯಬಹುದೆಂಬ ನಿಯಮವೂ ಇತ್ತು. ಪೇಟೆಯ ಬೇಕರಿಯವರ ಮಗಳನ್ನು ನೋಡಲು ಹೋದ ದಿನವೇ ಹುಂಜ ಮನಸ್ಸು ಮಾಡಿದ. ಬೇಕರಿಯ ಬಾಗಿಲಿಗೆ ಒಂದು ಹಲಗೆ ತೂಗುತ್ತಿತ್ತು: 'ಬೆಳಿಗ್ಗೆ ಎಂಟರಿಂದ'. ಅಂದರೆ ಅಳಿಯನಾಗಿ ಅಂಗಡಿ ಸೇರಿದರೆ ಏಳೂವರೆಗೆ ಎದ್ದರೆ ಸಾಕು! ಹುಡುಗಿ ಚೆನ್ನಾಗಿದ್ದಳು, ಹಲಗೆ ಇನ್ನೂ ಚೆನ್ನಾಗಿತ್ತು. ಕೂಡಿಟ್ಟದ್ದು ಸಾಲದೆ ಸೈಕಲ್ ಮಾರಿದ. ಇನ್ನು ಹೊತ್ತು ನೋಡಿ ಆಗಬೇಕಾದ್ದೇನು ಎಂದು ಕೈಗಡಿಯಾರವನ್ನೂ ಮಾರಿ ಹಣ ಕಟ್ಟಿದ.

ಉಳಿದದ್ದು ದೊಡ್ಡ ಸಾಹೇಬರ ಸಹಿ ಒಂದೇ. ಅದು ಒಂದು ತಿಂಗಳಿಂದಲೂ ಉಳಿದೇ ಇತ್ತು.

"ಇವತ್ತು ಸಂಜೆ ಐದರೊಳಗೆ ಸಹಿ ಬೀಳ್ದಿದ್ರೆ ನಿನ್ನ ಅರ್ಜಿ ಸತ್ತ ಹಾಗೆ," ಎಂದ ಕಚೇರಿಯ ಗುಮಾಸ್ತ. "ಆಮೇಲೆ ಪೂರ್ತಿ ಮೂರು ವರ್ಷ ಊದ್ತಾ ಇರು."

ಮೂರು ವರ್ಷ ಹುಡುಗಿ ಕಾಯುವುದು ದೂರದ ಮಾತು. "ಸಾಹೇಬ್ರು ಯಾಕ್ ಸಾರ್ ಸಹಿ ಹಾಕ್ತಿಲ್ಲ?"

"ನೀನು ಹೋದ್ರೆ ಊದೋರ್ಯಾರಪ್ಪಾ? ಡ್ರಮ್ಮಿನವನ ಕೈಗೆ ಕೊಟ್ಟು ನೋಡಿದ್ರು. ಯಾವುದೋ ಎಮ್ಮೆ ಕರು ಹಾಕ್ತಿದೆ ಅಂತ ಡಾಕ್ಟ್ರು ಓಡಿಬಂದ್ರು. ಮೊದ್ಲು ಹೋಗಿ ಕಹಳೆ ಉಗ್ರಾಣಕ್ಕೆ ಒಪ್ಸು, ಆಮೇಲೆ ಕಡತ ಅವರ ಮುಂದೆ ಇಡ್ತೀನಿ."

ಉಗ್ರಾಣದ ಹವಾಲ್ದಾರ ಸೂಜಿ ಕಳೆದರೆ ಆನೆ ಕಳೆದಂತೆ ವಿಚಾರಣೆ ಮಾಡುವವನು. ಕಹಳೆಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇದು ಕೆಲಸ ಮಾಡತ್ತೆ ಅಂತ ಏನೋ ಗ್ಯಾರಂಟಿ?"

"ಅಣ್ಣಾ, ಬೆಳಿಗ್ಗೆ ನೀನೂ ಇದಕ್ಕೇ ಎದ್ದಿದ್ದಲ್ವಾ!"

"ನನ್ನ ಕಿವೀಲಿ ಹತ್ತಿ ಇರತ್ತೆ. ಊದಿ ತೋರಿಸಿದ ಮೇಲೇ ವಾಪಸ್ ತಗೋಬೇಕು ಅಂತ ಪುಸ್ತಕದಲ್ಲಿದೆ. ಊದು."

"ಏನು ಊದ್ಲಿ?"

"ಏನಾದ್ರೂ ಊದೋ. ನಾನೇನು ಸಂಗೀತ ಪರೀಕ್ಷೆ ಮಾಡ್ತಿದೀನಾ?"

ಎಬ್ಬಿಸುವ ರಾಗ, ಊಟದ ರಾಗ ಊದಿ ಊದಿ ಹುಂಜ ಬೇಸತ್ತಿದ್ದ. ಕಲಿತಿದ್ದರೂ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಊದುವ ಸಂದರ್ಭ ಬಾರದ ರಾಗವೊಂದಿತ್ತು, ಭಾರಿ ಸೊಗಸಾದದ್ದು. ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದು ಅದನ್ನೇ ಊದಿಬಿಟ್ಟ. ಶತ್ರು ಬಾಗಿಲಿಗೆ ಬಂದಾಗ ಊದುವ ರಾಗ ಅದು.

ಕಣ್ಣು ಬಿಡುವಷ್ಟರಲ್ಲಿ ಜೇನುಗೂಡಿಗೆ ಕಲ್ಲು ಬಿದ್ದಾಗಿತ್ತು. ಸ್ನಾನದ ಮನೆಯಿಂದ ಟವಲು ಸುತ್ತಿಕೊಂಡ ಒಂದು ತುಕಡಿ ಕೋವಿ ಹಿಡಿದು ಹೊರಟಿತು. ಅಡುಗೆಯವನು ಸೌಟಿನ ಸಮೇತ ಆಲೂಗಡ್ಡೆ ಮೂಟೆಗಳ ಹಿಂದೆ ಅಡಗಿದ. ಗೇಟಿನವನು ಗೇಟು ಹಾಕಿ, ಹಾಲಿನ ವ್ಯಾನಿನವನನ್ನು ಕೈ ಮೇಲೆತ್ತಿಸಿ ನಿಲ್ಲಿಸಿದ್ದ. ಇದರ ನಡುವೆ ದೊಡ್ಡ ಸಾಹೇಬರು ಪಿಸ್ತೂಲು ಹಿಡಿದು ಓಡಿಬಂದರು. ಒಂದು ಕೆನ್ನೆ ನುಣ್ಣಗಿತ್ತು, ಇನ್ನೊಂದರ ತುಂಬ ಸೋಪಿನ ನೊರೆ. ಹಿಂದೆಯೇ ಕ್ಷೌರದ ಕತ್ತಿ ಹಿಡಿದ ಕ್ಷೌರಿಕ.

"ಎಲ್ಲಿ ಶತ್ರು?"

ಹವಾಲ್ದಾರ ಪುಸ್ತಕದಲ್ಲಿ ಗುರುತು ಹಾಕಿಕೊಂಡು, "ಕಹಳೆ ಸರಿಯಾಗಿ ಕೆಲಸ ಮಾಡ್ತಿದೆ ಸಾರ್," ಎಂದ.

ಸಾಹೇಬರ ನುಣ್ಣನೆಯ ಕೆನ್ನೆ ಕೆಂಪಾಯಿತು. "ಇವನನ್ನ ಹದಿನೈದು ದಿನ ಒಳಗೆ ಹಾಕಿ!"

ಗುಂಪಿನ ಹಿಂದಿನಿಂದ ಗುಮಾಸ್ತ ಕಡತ ಹಿಡಿದು ನುಸುಳಿಬಂದ. "ಹಾಕಬಹುದು ಸಾರ್. ಆದ್ರೆ ಅದಾದ್ಮೇಲೆ ಮೂರು ವರ್ಷ ಇವನೇ ಊದ್ತಾನೆ. ಬೇಡ ಅಂದ್ರೆ, ಇಲ್ಲೊಂದು ಸಹಿ..."

"ಕೊಡ್ರೀ ಪೆನ್ನು! ಈ ನೊರೆ ಒಣಗೋದ್ರೊಳಗೆ ಇವನು ಗೇಟಿನಾಚೆ ಇರಬೇಕು!"

ಸಹಿಯ ಪಕ್ಕದಲ್ಲಿ ನೊರೆಯ ಹನಿಯೊಂದು ಬಿತ್ತು. ಹುಂಜನಿಗೆ ಅದು ಸರ್ಕಾರಿ ಮುದ್ರೆಗಿಂತ ಚೆಂದ ಕಂಡಿತು.

ಸಂಜೆ ಬೇಕರಿಯಲ್ಲಿ ಭಾವಿ ಮಾವ ಅವನನ್ನು ತಬ್ಬಿಕೊಂಡರು; ಅಂಗಿಯೆಲ್ಲ ಮೈದಾ ಆಯಿತು.

"ನಿಮ್ಮಂಥೋರನ್ನ ಹುಡುಕಿ ಹುಡುಕಿ ಸಾಕಾಗಿತ್ತು ಅಳಿಯಂದ್ರೇ. ವಕೀಲ್ರು ಬಂದ್ರು, ಬ್ಯಾಂಕಿನವ್ರು ಬಂದ್ರು. ಎಲ್ಲ ಬಿಸಿಲು ಬೆನ್ನಿಗೆ ಬಡಿದ ಮೇಲೆ ಏಳೋರೇ! ಕಹಳೆ ಊದೋ ಹುಡುಗ ಅಂತ ಗೊತ್ತಾಗಿದ್ದೇ ತಡ, ಕಣ್ಮುಚ್ಚಿ ಒಪ್ಕೊಂಡೆ."

ಹುಂಜ ಬಾಗಿಲಿನ ಹಲಗೆಯತ್ತ ತಿರುಗಿ ನೋಡಿದ. "ಅಂಗಡಿ ಎಂಟಕ್ಕಲ್ವಾ ಮಾವಾ ತೆಗೆಯೋದು?"

"ತೆಗೆಯೋದು ಎಂಟಕ್ಕೆ," ಎಂದು ಒಳಗಿನಿಂದ ಹುಡುಗಿ ನಕ್ಕಳು. "ಅಷ್ಟೊತ್ತಿಗೆ ಬ್ರೆಡ್ಡು ಆಕಾಶದಿಂದ ಉದುರತ್ತಾ? ಹಿಟ್ಟು ನಾದೋಕೆ ಎರಡೂವರೆಗೆ ಏಳ್ಬೇಕು."

ಮದುವೆಯ ಉಡುಗೊರೆಯೆಂದು ಮಾವ ಒಂದು ಪೆಟ್ಟಿಗೆ ಕೈಗಿಟ್ಟರು. ತೆರೆದರೆ, ಅಲಾರಂ ಗಡಿಯಾರ.

"ಒಬ್ಬನೇ ಏಳ್ಬೇಕಾ?" ಎಂದ ಹುಂಜ, ಸತ್ತ ದನಿಯಲ್ಲಿ.

"ಒಬ್ರೇ ಯಾಕೆ? ನಾನೂ ಏಳ್ತೀನಲ್ಲ," ಎಂದು ಹುಡುಗಿ ಬಿಸಿ ಬನ್ನೊಂದನ್ನು ಅವನ ಮುಂದಿಟ್ಟಳು. "ಬೂಟು ಗೀಟು ಎಸೆಯಲ್ಲ. ಬೇಕಾದ್ರೆ ಬರ್ಕೊಡ್ತೀನಿ."

ಬನ್ನು ಚೆನ್ನಾಗಿತ್ತು. ಕೂಗುವ ಮೊದಲೇ ಕಾಳು ಸಿಕ್ಕಿತಲ್ಲ ಎಂದು ಹುಂಜ ಇನ್ನೊಂದು ಕೇಳಿ ತಿಂದ.

ಮುಂದಿನ ವಾರ ಮದುವೆಯಾಯಿತು. ಈಗ ಅವನು ದಂಡಿನಲ್ಲಿ ಏಳುತ್ತಿದ್ದುದಕ್ಕಿಂತ ಎರಡು ಗಂಟೆ ಮೊದಲು ಏಳುತ್ತಾನೆ.