ಎಲ್ಲವನ್ನೂ ನೋಡಿದ ನಮ್ಮ ಮಾವ

ನಮ್ಮ ಸೋದರಮಾವನಷ್ಟು ಟೀವಿ ನೋಡಿದ ಮನುಷ್ಯ ದೇವನಹಳ್ಳಿ ತಾಲ್ಲೂಕಿನಲ್ಲೇ ಇಲ್ಲ ಎಂದು ಕುಂದಾಣದ ಸುತ್ತಮುತ್ತ ಯಾರನ್ನು ಕೇಳಿದರೂ ಹೇಳುತ್ತಾರೆ. ನನಗೆ ಈ ಮಾತಿನ ಮೇಲೆ ತಕರಾರಿದೆ. ಎಲ್ಲರೂ ಹೇಳುತ್ತಾರೆ ಎನ್ನುವುದು ಪುರಾವೆಯಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳು ನನಗೆ ಕಲಿಸಿದ್ದು ಅದೊಂದೇ, ಅದನ್ನೂ ಬಿಟ್ಟುಕೊಟ್ಟರೆ ಗತಿಯೇನು?

ಬರುವ ಭಾನುವಾರ ಊರಿನ ಯುವಕರ ಸಂಘದವರು ಪರದೆ ಕಟ್ಟಿ ಹಳೆಯ ಕ್ರಿಕೆಟ್ ಫೈನಲ್ ಒಂದನ್ನು ತೋರಿಸುತ್ತಿದ್ದಾರೆ. ಅಂದು ಅದನ್ನು ನೇರಪ್ರಸಾರದಲ್ಲಿ ಕಣ್ಣಾರೆ ಕಂಡ ಹಿರಿಯರೆಂದು ಮಾವನಿಗೆ ಶಾಲು, ಪೇಟ. ಊರಿಗೆ ಮೊದಲ ಟೀವಿ ತಂದವರೂ ಅವರೇ. ಆ ವರ್ಷ ರೇಷ್ಮೆಗೂಡಿಗೆ ಒಳ್ಳೆಯ ರೇಟು ಸಿಕ್ಕಿತ್ತಂತೆ. ಸನ್ಮಾನಕ್ಕೆ ಮುಂಚೆ ಅವರ ಬಗ್ಗೆ ನಾಲ್ಕು ಮಾತಾಡುವ ಕೆಲಸ ನನ್ನ ಪಾಲಿಗೆ ಬಂತು. ಪರಿಶೀಲಿಸದೆ ಮಾತಾಡುವ ಜಾತಿ ನನ್ನದಲ್ಲ. ಪಾಟೀಸವಾಲಿಗೆ ಕೂತೆ.

ಮಾವನ ನೆನಪು ಅಸಾಧ್ಯವಾದದ್ದು, ಒಪ್ಪುತ್ತೇನೆ. ಹಳೆಯ ಧಾರಾವಾಹಿಗಳ ಮಾತುಗಳನ್ನು ಗಂಡಸಿನದು ಗಂಡಸಿನ ದನಿಯಲ್ಲಿ, ಹೆಂಗಸಿನದು ಹೆಂಗಸಿನ ದನಿಯಲ್ಲಿ ಒಪ್ಪಿಸುತ್ತಾರೆ. ನಡುವೆ ಬರುತ್ತಿದ್ದ ಸೋಪಿನ ಜಾಹೀರಾತನ್ನೂ ಬಿಡುವುದಿಲ್ಲ. ಅಂದೂ ಒಂದು ಅತ್ತೆ-ಸೊಸೆ ಜಗಳವನ್ನು ಪೂರ್ತಿ ಒಪ್ಪಿಸಿದರು. ಆದರೆ ನಾನು ಕೇಳಿದ್ದು ಬೇರೆ.

"ಮಾವ, ಆ ಸೀರಿಯಲ್‌ನ ಅತ್ತೆ ನೋಡೋಕೆ ಹೆಂಗಿದ್ರು?"

"ದಪ್ಪ ಹೆಂಗಸು ಕಣಮ್ಮ. ಬಾಗಿಲಲ್ಲಿ ನಿಂತ್ರೆ ಸೊಸೆ ಒಳಕ್ಕೇ ಬರಂಗಿಲ್ಲ."

ಫೋನಿನಲ್ಲಿ ಹುಡುಕಿ ತೋರಿಸಿದೆ. ಒಣಗಿದ ನುಗ್ಗೆಕಾಯಿಯಂಥ ಹೆಂಗಸು.

"ಪಾಪ, ಶುಗರ್ ಬಂದಿರ್ಬೇಕು," ಎಂದರು ಮಾವ.

"ಇದು ಅದೇ ಸೀರಿಯಲ್ಲು ಮಾವ, ನೀವು ಹೇಳಿದ ಅದೇ ಜಗಳ."

"ಹಂಗಾದ್ರೆ ಆಗ್ಲೇ ಶುರುವಾಗಿರ್ಬೇಕು."

ಇಂಥವರನ್ನು ವಾದದಲ್ಲಿ ಗೆಲ್ಲುವುದು ಹೇಗೆ? ಅವರ ಆರಾಧ್ಯದೈವವಾದ ಬೌಲರ್ ಒಬ್ಬನ ವಿಷಯಕ್ಕೆ ಬಂದೆ. ಆತನ ಒಂದೊಂದು ವಿಕೆಟ್ಟಿನ ಕಾಮೆಂಟರಿಯೂ ಮಾವನಿಗೆ ಬಾಯಿಪಾಠ. ಎಡಗೈ ಬೌಲರ್ ಎಂದು ಸಾಧಿಸಿದರು. ಫೋನಿನಲ್ಲಿ ಆತ ಬಲಗೈಯಲ್ಲೇ ಎಸೆಯುತ್ತಿದ್ದ.

"ಫೋನು ಉಲ್ಟಾ ಹಿಡ್ದಿದ್ದೀಯ ನೋಡು."

ತಿರುಗಿಸಿ ಹಿಡಿದೆ. ದೇವರಂಥ ಬೌಲರ್ ತಲೆಕೆಳಗಾಗಿ ನೇತಾಡಿದ, ಕೈ ಮಾತ್ರ ಬದಲಾಗಲಿಲ್ಲ. ಮಾವ ಆಕಳಿಸಿ, ಕಾಫಿ ಇದೆಯಾ ಎಂದು ನಮ್ಮಮ್ಮನನ್ನು ಕೇಳಿದರು.

ಕಡೆಯ ಅಸ್ತ್ರವೆಂದು ಆ ಫೈನಲ್ಲನ್ನೇ ನಮ್ಮ ಮನೆಯ ದೊಡ್ಡ ಟೀವಿಗೆ ಹಾಕಿದೆ. ಮಾವ ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ, ಹೊಸ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದವರಂತೆ ಅತ್ತಿತ್ತ ನೋಡಿದರು. ಆಮೇಲೆ "ಸೌಂಡ್ ಜಾಸ್ತಿ ಮಾಡಮ್ಮ" ಎಂದು ಗೋಡೆಗೆ ಒರಗಿ ಕಣ್ಣು ಮುಚ್ಚಿಬಿಟ್ಟರು. ತುಟಿಗಳು ಕಾಮೆಂಟರಿಗಿಂತ ಅರ್ಧ ಮಾತು ಮುಂದೆಯೇ ಓಡುತ್ತಿದ್ದವು.

"ಕಣ್ ಬಿಟ್ಟು ನೋಡಿ ಮಾವ," ಎಂದೆ.

ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ನಕ್ಕಳು. "ಅಣ್ಣ ಯಾವತ್ತು ನೋಡಿದ್ದ, ಈಗ ನೋಡೋಕೆ? ಅವನು ಮೇಲಿರ್ತಿದ್ನಲ್ಲ."

ಮೇಲೆ ಎಂದರೆ ಕಲ್ಲುಚಪ್ಪಡಿಯ ತಾರಸಿಯ ಮೇಲೆ. ಬೆಟ್ಟದ ಮರೆಯ ಊರು ನಮ್ಮದು. ಆಂಟೆನಾ ತಾನೇ ನಿಂತರೆ ಪರದೆಯ ತುಂಬ ಚುಕ್ಕೆ; ಮಾವ ಅದರ ಪೈಪನ್ನು ಕೈಯಲ್ಲಿ ಹಿಡಿದು ನಿಂತರೆ ಚಿತ್ರ. ಬೇರೆಯವರು ಹಿಡಿದರೆ ಅಷ್ಟು ಸ್ವಚ್ಛ ಬರುತ್ತಿರಲಿಲ್ಲವಂತೆ. ಹಾಗೆಂದು ಕೆಳಗೆ ಟೀವಿ ಮುಂದೆ ಕೂತ ಊರವರೇ ತೀರ್ಮಾನಿಸಿದ್ದರು. ಆ ತೀರ್ಮಾನಕ್ಕೆ ಪುರಾವೆ ಕೇಳಿದವರು ಯಾರೂ ಇರಲಿಲ್ಲ.

"ಪೂರ್ತಿ ಫೈನಲ್ಲಾ?" ಎಂದೆ.

"ಕಿಟಕಿಯಿಂದ ಎಲ್ಲ ಕೇಳೋದು ಕಣಮ್ಮ," ಎಂದರು ಮಾವ, ಕಣ್ಣು ತೆರೆಯದೆ. "ನಮ್ಮವ್ವ ಅಯ್ಯೋ ಅಂದ್ರೆ ನಮ್ಮೋರು ಔಟು. ಬೆಂಚು ಬಿದ್ದ ಸದ್ದಾದ್ರೆ ಸಿಕ್ಸರ್ರು. ಗೆದ್ದಾಗ ಎಲ್ರೂ ಬೀದಿಗೆ ಓಡ್ಬಂದ್ರು, ಅದೆಲ್ಲ ಮೇಲಿಂದ ಚೆನ್ನಾಗ್ ಕಾಣ್ತು. ಆದ್ರೂ ಕೈ ಬಿಡ್ಲಿಲ್ಲ ನಾನು. ಯಾರಾದ್ರೂ ಒಳಗಿದ್ರೆ? ಪಾಪ, ಕಪ್ ಕೊಡೋದು ನೋಡ್ಬೇಕಲ್ಲ."

ವಾದ ನಾನು ಗೆದ್ದಿದ್ದೆ. ಭಾನುವಾರ ಮೈಕಿನ ಮುಂದೆ 'ಕಣ್ಣಾರೆ ಕಂಡವರು' ಎಂದು ನಾನು ಹೇಳುವಂತಿಲ್ಲ. ಹೇಳದಿದ್ದರೆ ಶಾಲು ಯಾಕೆ ಎಂದು ಯಾರಾದರೂ ಕೇಳಿಯಾರು. ಮಾವನಿಗೆ ಈ ಚಿಂತೆ ಇದ್ದಂತಿರಲಿಲ್ಲ. ಗೋಡೆಗೆ ಒರಗಿದ್ದವರ ಬಲಗೈ, ಏನನ್ನೋ ಹಿಡಿದಂತೆ, ಭುಜದ ಎತ್ತರಕ್ಕೆ ಎದ್ದು ಅಲ್ಲೇ ನಿಂತಿತ್ತು. ಕೈ ಸೋತೀತೆಂದು ಮೊಣಕೈ ಕೆಳಗೆ ಒಂದು ದಿಂಬು ಇಟ್ಟೆ. ಅವರಿಗೆ ತಿಳಿಯಲಿಲ್ಲ.

ಅಮ್ಮನ ಹತ್ತಿರ ಹೋಗಿ ಕೂತು, ಮೊರದಿಂದ ಒಂದು ಅವರೆಕಾಯಿ ಕೈಗೆತ್ತಿಕೊಂಡೆ.

"ಅಮ್ಮ, ಕೆಳಗೆ ಅಷ್ಟು ಜನ ಕೂತಿದ್ರಲ್ಲ. ಒಬ್ಬರಾದ್ರೂ ಮೇಲೆ ಹತ್ತಿ, 'ಕೊಡಣ್ಣ, ಒಂದು ಓವರ್ ನಾನ್ ಹಿಡ್ಕೊಂಡಿರ್ತೀನಿ, ಚುಕ್ಕೆ ಬಂದ್ರೂ ಪರವಾಗಿಲ್ಲ, ನೀನು ಹೋಗಿ ನೋಡು' ಅಂದ್ರಾ?"