ಕೆಮ್ಮಿಸಿದ ಎಣ್ಣೆ

ಊರಿನ ಆಲಿವ್ ಎಣ್ಣೆ ಸ್ಪರ್ಧೆಗೆ ಪೊಲಿಕ್ಸೇನಿ ತಮ್ಮ ತೋಟದ ಎಣ್ಣೆಯ ಒಂದು ಶೀಸೆಯನ್ನು ಕೊಟ್ಟುಬಿಟ್ಟಿದ್ದಳು. ಅದು ಗಂಡ ಲಾಂಬ್ರೋಸನಿಗೆ ಗೊತ್ತಾದದ್ದು ಸ್ಪರ್ಧೆಯ ಬೆಳಿಗ್ಗೆ, ಕಾಫಿ ಕುಡಿಯುವಾಗ. ಕಾಫಿ ನೆತ್ತಿಗೇರಿತು.

"ನನ್ನ ಮಾನ ಕಳೀಬೇಕು ಅಂತಾನೇ ಕೊಟ್ಟಿದೀಯಾ?"

"ಸೋತ್ರೆ ತೋಟ ಸ್ತಮಾತಿಸ್‌ಗೆ ಗೇಣಿಗೆ ಕೊಡೋಣ. ಅವನಾದ್ರೂ ನೀರು ಹಾಕ್ತಾನೆ."

ತೋಟವಿದ್ದ ಗುಡ್ಡ ಬಲು ಕಡಿದಾಗಿದೆಯೆಂದು ಲಾಂಬ್ರೋಸ್ ಬೇಸಿಗೆಯಿಡೀ ಮೇಲೆ ಹತ್ತಿರಲಿಲ್ಲ. ಅವನಪ್ಪ ಕಲ್ಲು ಕಿತ್ತು ನೆಟ್ಟಿದ್ದ ನಲವತ್ತು ಮರಗಳು ಆಡಿನ ಹಿಕ್ಕೆಯಂಥ ಕಾಯಿ ಬಿಟ್ಟಿದ್ದವು. ಪಕ್ಕದ ಮನೆಯ ಸ್ತಮಾತಿಸ್ ಹೊಳೆದಂಡೆಯ ತನ್ನ ಮರಗಳಿಗೆ ದಿನಾ ನೀರುಣಿಸುತ್ತಿದ್ದ. ಅವನ ಆಲಿವ್‌ಗಳು ಹಬ್ಬದೂಟ ಮುಗಿಸಿದ ಬೀಗರಂತೆ ಉಬ್ಬಿದ್ದವು.

ಅಪ್ಪನ ತೋಟ ಅವನ ಪಾಲಾಗುವುದೇ! ಶೀಸೆಯನ್ನು ಹೇಗಾದರೂ ಎತ್ತಿಕೊಂಡು ಬರೋಣವೆಂದು ಲಾಂಬ್ರೋಸ್ ಸ್ಪರ್ಧೆ ನಡೆಯುತ್ತಿದ್ದ ಗಾಣಕ್ಕೆ ಓಡಿದ. ತಡವಾಗಿತ್ತು. ಕಲಮಾತಾ ಪಟ್ಟಣದಿಂದ ಬಂದಿದ್ದ ಪರೀಕ್ಷಕಿ ಎವ್ಡೋಕಿಯಾ ಅವನ ಎಣ್ಣೆಯನ್ನು ಸೊರ್ರೆಂದು ಹೀರಿದರು. ಕೆಮ್ಮಿದರು. ಮತ್ತೆ ಕೆಮ್ಮಿದರು. ಮೂರನೇ ಸಲಕ್ಕೆ ಕಣ್ಣಲ್ಲಿ ನೀರು ಬಂತು.

"ಅಯ್ಯೋ, ಆಯಮ್ಮನ್ನ ಕೊಂದೇಬಿಟ್ನಲ್ಲ!" ಎಂದು ಸ್ತಮಾತಿಸ್ ಕೂಗಿದ.

ಲಾಂಬ್ರೋಸ್ ಗಾಬರಿಯಿಂದ ಲೋಟ ಹಿಡಿದು ಓಡಿಬಂದು ಎಡವಿ, ನೀರನ್ನೆಲ್ಲ ಅವರ ಮಡಿಲಿಗೇ ಸುರಿದ.

"ಎಷ್ಟು ಸಲ ನೀರು ಹಾಕ್ತೀರಿ?" ಎಂದರು ಎವ್ಡೋಕಿಯಾ.

"ಇದೇ ಮೊದಲು ತಾಯಿ, ಕೈ ಜಾರಿಬಿಡ್ತು..."

"ಮರಕ್ಕೆ ಕಣ್ರೀ!"

"ಓ... ದಿನಾ ಹಾಕ್ತೀನಿ. ಎರಡು ಹೊತ್ತೂ."

"ಹಸಿ ಸುಳ್ಳು!" ಸ್ತಮಾತಿಸ್ ಬೆಂಚಿನ ಮೇಲೇ ಹತ್ತಿದ. "ಬೇಸಿಗೆಯೆಲ್ಲ ಒಂದು ತೊಟ್ಟು ಹಾಕಿಲ್ಲ ಈ ಸೋಮಾರಿ! ನಾನೇ ಸಾಕ್ಷಿ!"

ಎವ್ಡೋಕಿಯಾ ಮುಖ ಅರಳಿತು. "ಅದಕ್ಕೇ ಈ ಕಹಿ, ಈ ಖಾರ! ಕಲ್ಲುನೆಲದಲ್ಲಿ ಬಾಯಾರಿದ ಮರ ತನ್ನ ಸತ್ವ ಎಲ್ಲಾ ಕಾಯಿಗೇ ತುಂಬುತ್ತೆ. ಒಳ್ಳೇ ಎಣ್ಣೆ ಕೆಮ್ಮಿಸ್ಲೇಬೇಕು. ನಿಮ್ಮದು ನೀರು ಕುಡಿದೂ ಕುಡಿದೂ ಸಪ್ಪೆಯಾಗಿದೆ, ಸ್ತಮಾತಿಸ್ ಅವ್ರೇ. ಮೊದಲ ಬಹುಮಾನ ಲಾಂಬ್ರೋಸ್‌ಗೆ!"

ಲಾಂಬ್ರೋಸ್ ಅತ್ತೇಬಿಟ್ಟ. ತೋಟ ಉಳಿಯಿತು. ಇನ್ನು ಜನ್ಮದಲ್ಲಿ ಆ ಗುಡ್ಡ ಹತ್ತಬೇಕಾಗಿಲ್ಲ! ಎವ್ಡೋಕಿಯಾ ಒದ್ದೆ ಲಂಗ ಹಿಂಡಿಕೊಂಡು ಕಾರು ಹತ್ತಿ ಹೊರಟರು. ಆಮೇಲೆ ಇಬ್ಬರು ಆಳುಗಳು ಬಹುಮಾನವನ್ನು ಹೊತ್ತು ತಂದರು. ಒಂದು ಪಂಪು, ಐನೂರು ಮೀಟರು ನೀರಾವರಿ ಪೈಪು.

ಅಷ್ಟರಲ್ಲಿ ಗಾಣಕ್ಕೆ ಬಂದ ಪೊಲಿಕ್ಸೇನಿ ಹಿಗ್ಗಿದಳು. "ನೀರಿಲ್ದೇನೇ ಇಷ್ಟು ಚೆನ್ನಾಗಿದ್ರೆ, ನೀರು ಕೊಟ್ರೆ ಇನ್ನೆಷ್ಟು ಚೆನ್ನಾಗಿರ್ಬೇಡ! ಹೊತ್ಕೋ. ಇವತ್ತೇ ಜೋಡ್ಸು."

ಸಂಜೆ ಲಾಂಬ್ರೋಸ್ ಪಂಪು ಹೊತ್ತು, ಏದುಸಿರು ಬಿಡುತ್ತ ಹೊಳೆದಂಡೆ ದಾಟಿದ. ಅಲ್ಲಿ ಸ್ತಮಾತಿಸ್ ಮರದಡಿ ಕಾಲು ಚಾಚಿ, ಮುಖದ ಮೇಲೆ ಟೋಪಿ ಮುಚ್ಚಿಕೊಂಡು ಮಲಗಿದ್ದ.

"ಯಾಕೋ, ಹುಷಾರಿಲ್ವಾ?"

"ಶ್!" ಎಂದ ಸ್ತಮಾತಿಸ್, ಟೋಪಿ ಎತ್ತದೆ. "ಮುಂದಿನ ವರ್ಷದ ಎಣ್ಣೆಗೆ ಈಗಿಂದ್ಲೇ ದುಡೀತಿದೀನಿ."